ನೀರಿಳಿದಾಗ ಕಾಣುವ ಚರಿತ್ರೆ

ನಮ್ಮ ಸೇಲಂ ಜಿಲ್ಲೆಯಲ್ಲಿ ಮೆಟ್ಟೂರು ಅಣೆಕಟ್ಟು 1934ರಲ್ಲಿ ಪೂರ್ಣಗೊಂಡಾಗ ಕಾವೇರಿ ದಡದ ಹಲವು ಗ್ರಾಮಗಳು ಜಲಾಶಯದ ಪಾಲಾದವು. ಜನರು ಎತ್ತರದ ನೆಲಕ್ಕೆ ಹೋದರು. ಗುಡಿಗಳು ಅಲ್ಲಿಯೇ ಉಳಿದವು. 120 ಅಡಿಯ ಪೂರ್ಣಮಟ್ಟದಿಂದ ನೀರು ಬಹಳವಾಗಿ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಜಲಕಂಠೇಶ್ವರ ದೇವಾಲಯದ ನಂದಿಯೂ ಜೋಡಿ ಗೋಪುರದ ಚರ್ಚೂ ಕಾಣಿಸಿಕೊಳ್ಳುತ್ತವೆ. ಜನರು ನೆರೆದು ನೋಡುತ್ತಾರೆ. ನೀರು ಏರಿದೊಡನೆ ಮರೆಯುತ್ತಾರೆ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಕಥೆಯೂ ಇಂಥದೇ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿ ಗಾಥಿಕ್ ಶೈಲಿಯ ಚರ್ಚನ್ನು ಕಟ್ಟಿಸಿದರು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿಯಿತು, ಊರು ತೆರವಾಯಿತು. ಇಂದು ಮಾಡಿಲ್ಲದ ಆ ಗೋಡೆಗಳು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತ ಸವೆಯುತ್ತಿವೆ.

ಪಾಳುಬಿದ್ದ ಚರ್ಚನ್ನು ಮತ್ತೆ ಬಳಕೆಗೆ ತರುವ ಮುನ್ನ ಅದರ ಮೌಲ್ಯವನ್ನು ಅಳೆಯಬೇಕು. 1979ರಲ್ಲಿಯೇ ಆಸ್ಟ್ರೇಲಿಯದಲ್ಲಿ ರೂಪುಗೊಂಡ ಬರ್ರಾ ಸನ್ನದು ಸೌಂದರ್ಯ, ಇತಿಹಾಸ, ವಿಜ್ಞಾನ, ಸಮಾಜ ಎಂಬ ನಾಲ್ಕು ಅಳತೆಗೋಲುಗಳನ್ನು ಮುಂದಿಟ್ಟಿತು. ಶೆಟ್ಟಿಹಳ್ಳಿಯ ಚೂಪುಕಮಾನುಗಳಲ್ಲಿ ಸೌಂದರ್ಯವಿದೆ; ಮಿಷನ್ ಕಾಲದ ಗ್ರಾಮಜೀವನಕ್ಕೆ ಅವು ಸಾಕ್ಷಿ; ನಾಲ್ಕು ದಶಕಗಳ ಮುಳುಗಡೆಯನ್ನು ತಾಳಿದ ಇಟ್ಟಿಗೆ–ಗಾರೆ ಕಟ್ಟಡವಿದ್ಯೆಯ ಪಾಠ. ನಾಲ್ಕನೆಯದು ಟೇಪು ಹಿಡಿದು ಅಳೆಯಲಾಗದ್ದು: ಅಲ್ಲಿ ದೀಕ್ಷಾಸ್ನಾನ ಪಡೆದವರ, ಮದುವೆಯಾದವರ ನೆನಪು.

ನೆದರ್ಲೆಂಡಿನ ಮಾಸ್ಟ್ರಿಕ್ಟ್ ನಗರದ 13ನೆಯ ಶತಮಾನದ ಡೊಮಿನಿಕನ್ ಚರ್ಚು 2006ರಲ್ಲಿ ಪುಸ್ತಕದ ಅಂಗಡಿಯಾಯಿತು. ಪುಸ್ತಕಪ್ರಿಯರಿಗೆ ಇದು ಹಿತವಾದ ಸುದ್ದಿ. ಆದರೆ ಅಲ್ಲಿ ಗೋಡೆಯೂ ಮಾಡೂ ಗಟ್ಟಿಯಾಗಿದ್ದವು. ವರ್ಷವರ್ಷವೂ ಮುಳುಗುವ ಶೆಟ್ಟಿಹಳ್ಳಿಗೆ ಮಾಡು ಹೊದಿಸಿ ಸಭಾಂಗಣ ಮಾಡುವುದು ಹೊಂದದು. ಸಡಿಲವಾದ ಗಾರೆಯನ್ನು ಸುಣ್ಣದಿಂದಲೇ ಭದ್ರಪಡಿಸಿ, ಗೋಡೆ ಹತ್ತುವವರನ್ನು ತಡೆದು, ಭಗ್ನರೂಪದಲ್ಲಿಯೇ ಸ್ಮೃತಿಸ್ಥಳವಾಗಿ ಉಳಿಸುವುದೇ ಅದಕ್ಕೆ ತಕ್ಕ ಮರುಬಳಕೆ.

ಎಲ್ಲಕ್ಕಿಂತ ತುರ್ತಾದುದು ನೆನಪುಗಳ ದಾಖಲೆ. ಮೆಟ್ಟೂರು ತುಂಬುವ ಮೊದಲು ಆ ಜೋಡಿ ಗೋಪುರದ ಕೆಳಗೆ ಪ್ರಾರ್ಥಿಸಿದವರನ್ನು ಕೇಳಿ ಬರೆದುಕೊಳ್ಳುವ ಕಾಲ ನಮ್ಮ ಕೈಜಾರಿದೆ. ಶೆಟ್ಟಿಹಳ್ಳಿಯ ಚರ್ಚಿನಲ್ಲಿ ಪೂಜೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರೂ ವೃದ್ಧರಾಗುತ್ತಿದ್ದಾರೆ. ನಮ್ಮ ಸಂಘದ ತರುಣರು ಮುಂದಿನ ಬಾರಿ ಪಣ್ಣವಾಡಿಯಲ್ಲಿ ನೀರಿಳಿದಾಗ ಚಿತ್ರ ತೆಗೆದುಕೊಂಡು ಹಿಂದಿರುಗದೆ, ಗೋಡೆಯ ಅಳತೆಯನ್ನೂ ಸುತ್ತಲಿನ ಮನೆತನಗಳು ಹೇಳುವ ಮಾತುಗಳನ್ನೂ ಬರೆದು ತರಲಿ. ಗೋಡೆ ಬಿದ್ದ ಮೇಲೂ ಉಳಿಯುವ ಪರಂಪರೆ ಅದೊಂದೇ.