ಹೊಳೆ ದಾಟಿದ ಮೇಲೂ: ‘ನೌಕರ’ ಎಂಬ ಪದದ ಚರಿತ್ರೆ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬುದು ನಮ್ಮ ಹಿರಿಯರ ಮಾತು. ನೌಕರಿಯ ಹೊಳೆಗೆ ಮಾತ್ರ ಇದು ಸಲ್ಲದು. ಆಚೆಯ ದಡದಲ್ಲಿ ನಿಂತವರು ಹಿಂದಿನ ಅಂಬಿಗನನ್ನೇ ಕೂಗಿ ಕೇಳುತ್ತಾರೆ, ಈತ ಎಂಥವನು ಎಂದು. ವೈದ್ಯರಾದ ನಮಗಂತೂ ಇದು ಚೆನ್ನಾಗಿ ತಿಳಿದ ಸಂಗತಿ. ಹೊಸ ಆಸ್ಪತ್ರೆಯನ್ನು ಸೇರಬೇಕಾದರೆ ಹಳೆಯ ಆಸ್ಪತ್ರೆಯಿಂದ ಪತ್ರ ಬರಲೇಬೇಕು. ಆ ಪತ್ರ ಬರೆಯುವ ಕೈ ಹಗೆ ಸಾಧಿಸಿದರೆ, ಕೆಲಸ ಬಿಟ್ಟವನಿಗೆ ಕಾನೂನಿನ ಆಸರೆಯುಂಟೇ? ಅಮೆರಿಕದಲ್ಲಿ ಈ ಪ್ರಶ್ನೆಗೆ ಖಚಿತವಾದ ಉತ್ತರ ದೊರೆಯಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

1964ರ ನಾಗರಿಕ ಹಕ್ಕುಗಳ ಕಾಯಿದೆಯ ಏಳನೆಯ ಭಾಗ ಜನಾಂಗ, ಬಣ್ಣ, ಧರ್ಮ, ಲಿಂಗ, ರಾಷ್ಟ್ರೀಯ ಮೂಲಗಳ ಆಧಾರದ ಮೇಲೆ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಅದು ಜಾರಿಗೆ ಬಂದದ್ದು 1965ರ ಜುಲೈ 2ರಂದು. ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದ್ದು ಅದೇ ವರ್ಷದ ಅಕ್ಟೋಬರ್ 3ರಂದು. ನಮ್ಮವರಿಗೆ ಬಾಗಿಲು ತೆರೆದ ಕಾಯಿದೆಗೂ ಒಳಗೆ ಬಂದವರನ್ನು ಕಾಯುವ ಕಾಯಿದೆಗೂ ಮೂರೇ ತಿಂಗಳ ಅಂತರ. ಕಾಯುವ ಕಾಯಿದೆಯನ್ನು ಆಫ್ರಿಕನ್ ಅಮೆರಿಕನ್ನರು ಬೀದಿಗಿಳಿದು, ಸೆರೆಮನೆ ಕಂಡು ಗಳಿಸಿದರು. ಅದರ ನೆರಳಿನಲ್ಲಿ ನಾವೂ ನಿಂತಿದ್ದೇವೆಂಬುದನ್ನು ನಮ್ಮ ಕೂಟಗಳಲ್ಲಿ ನೆನೆಯುವುದು ಅಪರೂಪ.

ತಾರತಮ್ಯದ ದೂರಿತ್ತ ‘ನೌಕರ’ನ ಮೇಲೆ ಮಾಲೀಕನು ಪ್ರತೀಕಾರ ಕೈಗೊಳ್ಳಬಾರದೆಂದೂ ಕಾಯಿದೆ ವಿಧಿಸಿತ್ತು. ತೊಡಕು ಹುಟ್ಟಿದ್ದು ಈ ಪದದಲ್ಲಿಯೇ.

ಚಾರ್ಲ್ಸ್ ರಾಬಿನ್ಸನ್ ಎಂಬವರನ್ನು ಶೆಲ್ ತೈಲ ಕಂಪನಿ 1991ರಲ್ಲಿ ಕೆಲಸದಿಂದ ತೆಗೆಯಿತು. ಜನಾಂಗದ ಕಾರಣಕ್ಕೆ ತಮ್ಮನ್ನು ತೆಗೆದರೆಂದು ಅವರು ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರಿತ್ತರು. ಅದು ಇತ್ಯರ್ಥವಾಗುವ ಮೊದಲೇ ಬೇರೊಂದು ಕಂಪನಿಗೆ ಅರ್ಜಿ ಹಾಕಿದರು. ಆ ಕಂಪನಿ ಶೆಲ್‌ನ ಅಭಿಪ್ರಾಯ ಕೇಳಿತು. ದೂರಿತ್ತದ್ದಕ್ಕೆ ಪ್ರತೀಕಾರವಾಗಿ ಶೆಲ್ ತಮ್ಮ ಬಗ್ಗೆ ಕೆಟ್ಟದಾಗಿ ಹೇಳಿತೆಂಬುದು ರಾಬಿನ್ಸನ್ನರ ಆರೋಪ. ಕೆಳಗಿನ ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು: ಆತ ಈಗ ನೌಕರನಲ್ಲ, ಮಾಜಿ ನೌಕರ. ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠವೂ ಅದನ್ನೇ ಎತ್ತಿಹಿಡಿಯಿತು.

1997ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಈ ತೀರ್ಪನ್ನು ತಳ್ಳಿಹಾಕಿದರು. ತೀರ್ಪು ಬರೆದವರು, ಹಿಂದೆ ಅದೇ ಆಯೋಗದ ಅಧ್ಯಕ್ಷರಾಗಿದ್ದ ಕ್ಲಾರೆನ್ಸ್ ಥಾಮಸ್. ನೌಕರನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳುವ ಮಾತು ಇದೇ ಕಾಯಿದೆಯಲ್ಲಿದೆ. ಹೊರಹಾಕಲ್ಪಟ್ಟವನನ್ನಲ್ಲದೆ ಇನ್ನಾರನ್ನು ಮರಳಿ ಸೇರಿಸಿಕೊಳ್ಳುವುದು? ಅನ್ಯಾಯವಾಗಿ ತೆಗೆದರೆಂದು ದೂರುವವನು ಎಂದಿಗೂ ಮಾಜಿ ನೌಕರನೇ. ಅವನಿಗೆ ರಕ್ಷಣೆಯಿಲ್ಲದಿದ್ದರೆ ದೂರಿನ ಹಕ್ಕೇ ಪೊಳ್ಳಾಗುತ್ತದೆ. ನಮ್ಮೂರಿನ ಪಂಚಾಯಿತಿ ಕಟ್ಟೆಯಲ್ಲಾದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ತರ್ಕವೆಂದು ನಮಗೆ ತೋರುತ್ತದೆ. ಶೆಲ್ ನಿಜವಾಗಿ ಪ್ರತೀಕಾರ ಮಾಡಿತೇ ಎಂಬುದನ್ನು ಈ ತೀರ್ಪು ನಿರ್ಣಯಿಸಲಿಲ್ಲ. ಮೊಕದ್ದಮೆ ಹೂಡುವ ದಾರಿಯನ್ನಷ್ಟೇ ತೆರೆಯಿತು.

ಆ ದಾರಿಯನ್ನು ಮುಂದೆ ಕಿರಿದಾಗಿಸಿದ್ದು ಒಬ್ಬ ವೈದ್ಯರ ಪ್ರಕರಣ. ಮಧ್ಯಪ್ರಾಚ್ಯ ಮೂಲದ ಡಾ. ನಾಸರ್ ಡಲ್ಲಾಸ್‌ನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಅಧ್ಯಾಪಕರಾಗಿದ್ದರು. ಅದಕ್ಕೆ ಸೇರಿದ ಆಸ್ಪತ್ರೆಯಲ್ಲಿ ವೈದ್ಯರೂ ಆಗಿದ್ದರು. ಮೇಲಧಿಕಾರಿಯ ಪೂರ್ವಗ್ರಹವೇ ಕಾರಣವೆಂದು ಬರೆದು 2010ರಲ್ಲಿ ಅಧ್ಯಾಪಕ ಹುದ್ದೆಗೆ ರಾಜೀನಾಮೆಯಿತ್ತರು. ಆಸ್ಪತ್ರೆ ಅವರನ್ನು ವೈದ್ಯರಾಗಿ ಉಳಿಸಿಕೊಳ್ಳಲು ಒಪ್ಪಿತ್ತು. ವಿಶ್ವವಿದ್ಯಾಲಯದ ಆಕ್ಷೇಪದ ಬಳಿಕ ಹಿಂದೆ ಸರಿಯಿತು. ಅಧ್ಯಾಪಕರಿಗೇ ಆ ಹುದ್ದೆಗಳು ಮೀಸಲೆಂಬ ಒಪ್ಪಂದವಿದೆಯೆಂಬುದು ವಿಶ್ವವಿದ್ಯಾಲಯದ ವಾದ. ಜ್ಯೂರಿ ವೈದ್ಯರ ಪರ ನಿಂತು ವೇತನನಷ್ಟಕ್ಕೆ 4 ಲಕ್ಷ ಡಾಲರಿಗೂ ಮಿಕ್ಕಿ, ಪರಿಹಾರವಾಗಿ 30 ಲಕ್ಷಕ್ಕೂ ಮಿಕ್ಕಿ ಕೊಡಿಸಿತು. ನ್ಯಾಯಾಲಯ ಪರಿಹಾರವನ್ನು 3 ಲಕ್ಷಕ್ಕೆ ಇಳಿಸಿತು. 2013ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ಪ್ರತೀಕಾರದ ಮನಸ್ಸು ಹಲವು ಕಾರಣಗಳಲ್ಲಿ ಒಂದಾಗಿದ್ದರೆ ಸಾಲದು, ಅದಿಲ್ಲದಿದ್ದರೆ ಹಾನಿ ಆಗುತ್ತಲೇ ಇರಲಿಲ್ಲವೆಂದು ಸಾಬೀತಾಗಬೇಕು ಎಂದು ಹೇಳಿ, ಪ್ರಕರಣವನ್ನು ಕೆಳಗೆ ಕಳಿಸಿತು. ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತಮ್ಮ ಭಿನ್ನಮತವನ್ನು ಪೀಠದಿಂದಲೇ ಓದಿ ಹೇಳಿದರು. ಮೇಲಧಿಕಾರಿಯ ಮನಸ್ಸನ್ನು ಹೊರಗಿನಿಂದ ಅಷ್ಟು ಖಚಿತವಾಗಿ ತೋರಿಸುವುದು ಎಷ್ಟು ಮಂದಿಗೆ ಸಾಧ್ಯವೆಂದು ನಾವೂ ಕೇಳಿಕೊಳ್ಳುತ್ತೇವೆ.

ಎಚ್-1ಬಿ ವೀಸಾದಲ್ಲಿರುವ ತಂತ್ರಜ್ಞರಿಗೂ, ವೀಸಾ ವಿನಾಯಿತಿಗಾಗಿ ವೈದ್ಯರ ಕೊರತೆಯಿರುವ ಊರುಗಳಲ್ಲಿ ಮೂರು ವರ್ಷ ದುಡಿಯುವ ನಮ್ಮ ಕಿರಿಯ ವೈದ್ಯರಿಗೂ ಮಾಲೀಕನೆಂದರೆ ಸಂಬಳ ಕೊಡುವವನಷ್ಟೇ ಅಲ್ಲ. ಆದ್ದರಿಂದ ಅವರು ದೂರುವುದೇ ಕಡಿಮೆ; ಮಾತನಾಡಿದರೂ ಕೆಲಸ ಬಿಟ್ಟ ಬಳಿಕ. ಆಯೋಗಕ್ಕೆ ದೂರು ಸಲ್ಲಿಸಲು ಸಾಮಾನ್ಯವಾಗಿ 180 ದಿನಗಳ ಗಡುವು. ಇಂಥದ್ದೇ ಕಾನೂನನ್ನು ಜಾರಿಗೊಳಿಸುವ ಸಂಸ್ಥೆ ರಾಜ್ಯದಲ್ಲಿದ್ದರೆ 300 ದಿನ. ನಮ್ಮ ಬಳಿ ಕಾಗದಗಳನ್ನು ಹಿಡಿದು ಬಂದವರಲ್ಲಿ ಹಲವರಿಗೆ ಅಷ್ಟರಲ್ಲಿ ಆ ದಿನಗಳು ಕಳೆದುಹೋಗಿದ್ದವು.