ಯುಕಿ-ಒನ್ನ (ಚಲನಚಿತ್ರ)

ಯುಕಿ-ಒನ್ನ, ಅಂದರೆ ಹಿಮದ ಹೆಣ್ಣು, ಜಪಾನಿನ ಒಂದು ಹಳ್ಳಿಯ ಭೂತಕಥೆಯನ್ನು ಆಧರಿಸಿ ಮಸಾಕಿ ಕೊಬಾಯಾಶಿ ನಿರ್ದೇಶಿಸಿದ ಕಿರುಚಿತ್ರ. ಅವಧಿ ಸುಮಾರು 40 ನಿಮಿಷ. ನಾಲ್ಕು ಸ್ವತಂತ್ರ ಕಥೆಗಳ ‘ಕ್ವೈದಾನ್’ (1964) ಚಿತ್ರದಲ್ಲಿ ಇದು ಎರಡನೆಯದು. ಪಾತ್ರ, ಊರು, ಕಾಲ ಯಾವುದರಲ್ಲೂ ಉಳಿದ ಮೂರು ಕಥೆಗಳೊಂದಿಗೆ ಇದಕ್ಕೆ ನಂಟಿಲ್ಲ. ಹಾಗಾಗಿ ಇದೊಂದನ್ನೇ ನೋಡಿದರೂ ಏನೂ ಕಳೆದುಹೋಗುವುದಿಲ್ಲ.

ಕಥೆಯ ಮೂಲ: ಹಿಮ ಸುರಿಯುವ ರಾತ್ರಿ ಬಿಳಿಯುಡುಗೆಯಲ್ಲಿ ಕಾಣಿಸಿಕೊಂಡು ದಾರಿಹೋಕರ ಜೀವ ತೆಗೆಯುವ ಹೆಣ್ಣಿನ ನಂಬಿಕೆ ಜಪಾನಿನ ಹಲವು ಸೀಮೆಗಳಲ್ಲಿದೆ. ಕೊಬಾಯಾಶಿ ಬಳಸಿಕೊಂಡ ರೂಪಕ್ಕೆ ಮಾತ್ರ ಖಚಿತವಾದ ಊರೊಂದಿದೆ. ಗ್ರೀಸಿನ ಲೆಫ್ಕಾಡ ದ್ವೀಪದಲ್ಲಿ ಗ್ರೀಕ್ ತಾಯಿ, ಐರಿಷ್ ತಂದೆಗೆ ಹುಟ್ಟಿದ ಲಾಫ್ಕಾಡಿಯೊ ಹರ್ನ್ (1850–1904) 1890ರಲ್ಲಿ ಜಪಾನಿಗೆ ಬಂದು, ಅಲ್ಲಿಯೇ ಮದುವೆಯಾಗಿ, ಕೊಯಿಜುಮಿ ಯಾಕುಮೊ ಎಂಬ ಹೆಸರು ಪಡೆದು ನೆಲೆಸಿದ ಬರಹಗಾರ. ಮುಸಾಶಿ ಪ್ರಾಂತದ ನಿಶಿತಾಮಾ ಸೀಮೆಯ ಚೋಫು ಎಂಬ ಹಳ್ಳಿಯ ರೈತನೊಬ್ಬ ತನ್ನೂರಿನ ಐತಿಹ್ಯವೆಂದು ಈ ಕಥೆ ಹೇಳಿದನೆಂದು ಆತ ತನ್ನ ‘ಕ್ವೈದಾನ್’ (1904) ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದಾನೆ. ಇದು ಟೋಕಿಯೊ ಪಕ್ಕದ ಇಂದಿನ ಚೋಫು ನಗರವಲ್ಲ. ತಾಮಾ ನದಿಯ ಮೇಲ್ದಂಡೆಯಲ್ಲಿದ್ದು ಈಗ ಓಮೆ ನಗರದೊಳಗೆ ಸೇರಿಹೋಗಿರುವ ಹಳ್ಳಿ. ಅಲ್ಲಿನ ಸೇತುವೆಯ ಬಳಿ 2002ರಲ್ಲಿ ಈ ಕಥೆಯ ನೆನಪಿಗೆ ಕಲ್ಲು ನೆಟ್ಟಿದ್ದಾರೆ. ಕಥೆ ಕೊಟ್ಟ ರೈತನ ಹೆಸರನ್ನು ಮುನ್ನುಡಿ ಹೇಳುವುದಿಲ್ಲ, ಊರಿನ ಹೆಸರಾದರೂ ಉಳಿದದ್ದು ಹರ್ನನ ಪ್ರಾಮಾಣಿಕತೆಯಿಂದ.

ಕಥಾಸಾರ: ಮುದುಕ ಮೊಸಾಕು ಮತ್ತು ಹದಿನೆಂಟರ ಹುಡುಗ ಮಿನೊಕಿಚಿ ಸೌದೆ ಕಡಿಯುವವರು. ಹಿಮಗಾಳಿಗೆ ಸಿಕ್ಕಿ ಒಂದು ಗುಡಿಸಲಿನಲ್ಲಿ ರಾತ್ರಿ ಕಳೆಯುತ್ತಾರೆ. ಬಿಳಿಯುಡುಗೆಯ ಹೆಣ್ಣೊಬ್ಬಳು ಒಳಬಂದು ಮುದುಕನ ಮುಖದ ಮೇಲೆ ಉಸಿರೂದುತ್ತಾಳೆ. ಅವನು ಹೆಪ್ಪುಗಟ್ಟಿ ಸಾಯುತ್ತಾನೆ. ಹುಡುಗನ ಎಳೆಹರೆಯ ಕಂಡು ಮರುಗಿ ಅವನನ್ನು ಬಿಡುತ್ತಾಳೆ, ಆದರೆ ಕಂಡದ್ದನ್ನು ಹೆತ್ತ ತಾಯಿಗೂ ಹೇಳಕೂಡದು, ಹೇಳಿದರೆ ಕೊಲ್ಲುತ್ತೇನೆ ಎಂದು ಕಟ್ಟು ಹಾಕುತ್ತಾಳೆ. ಮುಂದೆ ಮಿನೊಕಿಚಿ ದಾರಿಯಲ್ಲಿ ಸಿಕ್ಕ ಯುಕಿ ಎಂಬ ಹುಡುಗಿಯನ್ನು ಮದುವೆಯಾಗುತ್ತಾನೆ. ಅತ್ತೆಗೆ ಅಚ್ಚುಮೆಚ್ಚಿನ ಸೊಸೆ ಅವಳು. ವರ್ಷಗಳುರುಳಿ ಮಕ್ಕಳಾದರೂ ಅವಳ ಮೈಗೆ ವಯಸ್ಸು ಹತ್ತುವುದಿಲ್ಲ. ಊರ ಹೆಂಗಸರಿಗೆ ಅದೇ ಬೆರಗು. ಒಂದು ರಾತ್ರಿ ದೀಪದ ಮುಂದೆ ಹೊಲಿಯುತ್ತ ಕುಳಿತ ಹೆಂಡತಿಯ ಮುಖ ನೋಡುತ್ತ ಮಿನೊಕಿಚಿ ಆ ಹಳೆಯ ರಾತ್ರಿಯ ಸಂಗತಿಯನ್ನು ಬಾಯಿಬಿಡುತ್ತಾನೆ. ಆ ಹೆಣ್ಣು ತಾನೇ ಎಂದು ಅವಳು ಎದ್ದು ನಿಲ್ಲುತ್ತಾಳೆ. ಮಲಗಿರುವ ಮಕ್ಕಳ ಮುಖ ನೋಡಿ ಕೊಲ್ಲದೆ ಬಿಟ್ಟು, ಅವರನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಎಚ್ಚರಿಸಿ ಹೊರಟುಹೋಗುತ್ತಾಳೆ.

ಮಾತು ಮುರಿದ ಗಂಡನನ್ನು ಬಿಟ್ಟುಹೋಗುವ ಅಲೌಕಿಕ ಹೆಂಡತಿ ನಮ್ಮ ಓದುಗರಿಗೂ ಹೊಸಬಳಲ್ಲ: ಶಂತನುವನ್ನು ತೊರೆದ ಗಂಗೆ, ಪುರೂರವನನ್ನು ತೊರೆದ ಊರ್ವಶಿ ಇದೇ ಜಾಡಿನವರು. ಓಮೆಯ ಕಥೆ ಬೇರೆಯಾಗುವುದು ಅವಳು ಗಂಡನನ್ನು ಕೊಲ್ಲಲು ಬಂದವಳೂ ಆಗಿರುವುದರಿಂದ. ಅವಳ ಕರುಣೆ ಎರಡು ಬಾರಿ ಅವನನ್ನು ಉಳಿಸುತ್ತದೆ.

ಚಿತ್ರರೂಪ: ಚಿತ್ರಕಥೆ ಯೋಕೊ ಮಿಜುಕಿ ಅವರದು. ಮಿನೊಕಿಚಿಯಾಗಿ ತತ್ಸುಯಾ ನಕದಾಯ್, ಯುಕಿಯಾಗಿ ಕೇಯ್ಕೊ ಕಿಶಿ ನಟಿಸಿದ್ದಾರೆ. ‘ಹರಕಿರಿ’ (1962) ಮುಂತಾದ ಕಪ್ಪುಬಿಳುಪು ಚಿತ್ರಗಳಿಂದ ಹೆಸರಾಗಿದ್ದ ಕೊಬಾಯಾಶಿಗೆ ‘ಕ್ವೈದಾನ್’ ಮೊದಲ ವರ್ಣಚಿತ್ರ. ಹಿಮದ ಬೆಟ್ಟಗಳಿಗೆ ಹೋಗಿ ಚಿತ್ರೀಕರಿಸುವುದನ್ನು ಬಿಟ್ಟು ಅವರು ಪಾಳುಬಿದ್ದ ವಿಮಾನ ಶೆಡ್ಡಿನೊಳಗೆ ಕಾಡು, ನದಿ, ಗುಡಿಸಲುಗಳನ್ನು ಕಟ್ಟಿಸಿದರು. ಕಲಾ ನಿರ್ದೇಶನ ಶಿಗೆಮಾಸಾ ತೋಡಾ, ಛಾಯಾಗ್ರಹಣ ಯೋಶಿಯೊ ಮಿಯಾಜಿಮಾ. ಆಕಾಶವೆಲ್ಲ ಪರದೆಯ ಮೇಲೆ ಬರೆದದ್ದು. ಆ ಆಕಾಶದಲ್ಲಿ ದೊಡ್ಡ ಕಣ್ಣುಗಳು ತೆರೆದು ಮನುಷ್ಯರನ್ನು ದಿಟ್ಟಿಸುತ್ತವೆ. ನೋಡುವವನಿಗೆ ಇದು ಬಣ್ಣ ಬಳಿದ ಬಟ್ಟೆಯೆಂದು ಗೊತ್ತಾಗುತ್ತದೆ, ಆದರೂ ಮೈ ಜುಮ್ಮೆನ್ನುತ್ತದೆ. ಪ್ರಕೃತಿಯೇ ಕಾವಲು ಕುಳಿತಿದೆ, ಇಟ್ಟ ಆಣೆಯನ್ನು ಅದು ಮರೆಯುವುದಿಲ್ಲ ಎಂಬ ಹಳ್ಳಿಗರ ನಂಬಿಕೆಯನ್ನು ನಿಜವಾದ ಹಿಮಬೆಟ್ಟ ಇಷ್ಟು ನೇರವಾಗಿ ತೋರಿಸಲಾರದು.

ದೀಪದ ದೃಶ್ಯ ಚಿತ್ರದ ತಿರುಳು. ಮಿನೊಕಿಚಿ ಮಾತಾಡುತ್ತ ಹೋದಂತೆ ಮನೆಯೊಳಗಿನ ಕೆಂಬೆಳಕು ಆರಿ, ಗುಡಿಸಲಿನ ಆ ಹಳೆಯ ರಾತ್ರಿಯ ತಣ್ಣನೆಯ ನೀಲಿ ಕವಿಯುತ್ತದೆ. ಸಂಗೀತ ನೀಡಿದ ತೋರು ತಾಕೆಮಿತ್ಸು ರಾಗಕ್ಕಿಂತ ಮಾರ್ಪಡಿಸಿದ ಸದ್ದುಗಳನ್ನೂ ದೀರ್ಘ ಮೌನವನ್ನೂ ನೆಚ್ಚಿಕೊಂಡಿದ್ದಾರೆ.

ಹರ್ನನ ಬರಹದಲ್ಲಿ ಹತ್ತು ಮಕ್ಕಳು, ಚಿತ್ರದಲ್ಲಿ ಮೂವರು. ಅದು ಸಣ್ಣ ವ್ಯತ್ಯಾಸ. ದೊಡ್ಡದು ಕೊನೆಯದು. ಬರಹದಲ್ಲಿ ಅವಳು ಬಿಳಿ ಮಂಜಾಗಿ ಕರಗಿ, ಸೂರಿನಲ್ಲಿ ಹೊಗೆ ಹೋಗುವ ಕಿಂಡಿಯಿಂದ ಮರೆಯಾದಲ್ಲಿಗೆ ಕಥೆ ಮುಗಿಯುತ್ತದೆ. ಚಿತ್ರದಲ್ಲಿ ಮಿನೊಕಿಚಿ ಹೆಂಡತಿಗೂ ಮಕ್ಕಳಿಗೂ ಹುಲ್ಲಿನ ಚಪ್ಪಲಿ ಹೆಣೆಯುತ್ತಿರುತ್ತಾನೆ. ಅವಳು ಹೋದ ಮೇಲೆ ಅವಳಿಗೆಂದು ಮಾಡಿದ, ಕೆಂಪು ಪಟ್ಟಿಯ ಜೋಡನ್ನು ಹೊರಗೆ ಹಿಮದ ಮೇಲಿಡುತ್ತಾನೆ. ಅದು ಕಣ್ಣೆದುರೇ ಇಲ್ಲವಾಗುತ್ತದೆ. ಅವಳು ಕಾಣಿಕೆಯನ್ನು ಸ್ವೀಕರಿಸಿದಳು. ಹೀಗೆ ಹೆದರಿಸುವ ಕಥೆ ಅಗಲಿಕೆಯ ಕಥೆಯಾಯಿತು. ಮೂಲಕ್ಕೆ ಸೇರಿಸಿದ ಈ ಒಂದು ಸಂಗತಿಯೇ ಚಿತ್ರದ ಅತ್ಯುತ್ತಮ ಭಾಗ.

ಬಿಡುಗಡೆ ಮತ್ತು ಪ್ರಭಾವ: ‘ಕ್ವೈದಾನ್’ 1965ರ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆಯಿತು, ಆಸ್ಕರ್‌ನ ವಿದೇಶಿ ಭಾಷಾ ವಿಭಾಗಕ್ಕೂ ನಾಮನಿರ್ದೇಶನಗೊಂಡಿತು. ಹಿಮದ ಹೆಣ್ಣಿನ ಕಥೆಯನ್ನು ತೊಕುಜೊ ತನಾಕಾ 1968ರಲ್ಲಿ ಪೂರ್ಣಪ್ರಮಾಣದ ಚಿತ್ರವಾಗಿಸಿದರು. ಅಕಿರಾ ಕುರೊಸಾವಾ ಅವರ ‘ಡ್ರೀಮ್ಸ್’ (1990) ಚಿತ್ರದ ಹಿಮಗಾಳಿಯ ಕನಸಿನಲ್ಲೂ ಹಿಮದ ಹೆಣ್ಣು ಬರುತ್ತಾಳೆ. ಕಿಕಿ ಸುಗಿನೊ 2016ರಲ್ಲಿ ಇದೇ ಕಥೆಯನ್ನು ಮತ್ತೆ ತೆರೆಗೆ ತಂದರು.

‘ಕ್ವೈದಾನ್’ ಚಿತ್ರವನ್ನು ಅಮೆರಿಕದಲ್ಲಿ ಮೊದಲು ಬಿಡುಗಡೆ ಮಾಡುವಾಗ ಉದ್ದ ಹೆಚ್ಚಾಯಿತೆಂದು ವಿತರಕರು ಕತ್ತರಿಸಿ ತೆಗೆದದ್ದು ಈ ಕಥೆಯನ್ನೇ. ಆ ಮೊಟಕು ಪ್ರತಿಗಳು ಹಲವು ಕಡೆ ಓಡಾಡಿವೆ. ನೋಡಬಯಸುವವರು 183 ನಿಮಿಷದ ಪೂರ್ಣ ಪ್ರತಿಯನ್ನೇ ಹುಡುಕಬೇಕು.