ಮಲೆ: ಬೆಟ್ಟವೂ ಹೌದು, ಕಾಡೂ ಹೌದು

ಇಂದಿನ ಕನ್ನಡದಲ್ಲಿ ಯಾರೂ ‘ಮಲೆ ಹತ್ತೋಣ ಬನ್ನಿ’ ಎನ್ನುವುದಿಲ್ಲ. ಹತ್ತುವುದಕ್ಕೆ ಬೆಟ್ಟವಿದೆ, ಗುಡ್ಡವಿದೆ. ಮಲೆ ಎಂಬುದು ಒಂಟಿಯಾಗಿ ಓಡಾಡುವುದನ್ನು ಬಿಟ್ಟು ಮಲೆನಾಡು, ಮಲೆಕುಡಿಯ, ಮಲೆ ಮಹದೇಶ್ವರ ಮೊದಲಾದ ಜೋಡುಪದಗಳೊಳಗೆ ನೆಲೆಸಿದೆ.

ಅರ್ಥ

ತಮಿಳಿನ ಮಲೈ, ಮಲಯಾಳದ ಮಲ, ಕನ್ನಡದ ಮಲೆ ಒಂದೇ ದ್ರಾವಿಡ ಬೇರಿನವು. ಸಂಸ್ಕೃತದ ‘ಮಲಯ’ ಪರ್ವತವೂ ಅಲ್ಲಿಂದ ಬೀಸುವ ಮಲಯಮಾರುತವೂ ಇದೇ ಬೇರಿನಿಂದ ಹೋದವೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ತಮಿಳು, ಮಲಯಾಳಗಳಲ್ಲಿ ಇದು ದಿನಬಳಕೆಯ ‘ಬೆಟ್ಟ’. ಕನ್ನಡದ ನಿಘಂಟುಗಳು ಬೆಟ್ಟದ ಜೊತೆಗೆ ಕಾಡು ಎಂಬ ಅರ್ಥವನ್ನೂ ಕೊಡುತ್ತವೆ. ಮಧುಗಿರಿಯ ಬೋಳು ಬಂಡೆಯನ್ನು ಮಲೆ ಎನ್ನಲು ನಾಲಿಗೆ ಏಳದಿರುವುದು ಇದಕ್ಕೇ ಇರಬೇಕು.

ಮಲೆಪರು

ಬೆಟ್ಟಗಾಡಿನ ಒಡೆಯರನ್ನು ಶಾಸನಗಳು ‘ಮಲೆಪರು’ ಎಂದು ಕರೆಯುತ್ತವೆ. ಹೊಯ್ಸಳರು ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ಶಾಸನಗಳಲ್ಲಿ ಮೆರೆಸಿದರು, ನಾಣ್ಯದ ಮೇಲೂ ಅಚ್ಚೊತ್ತಿಸಿದರು. ಅವರ ಮೂಲನೆಲೆ ಸೊಸೆವೂರು, ಅಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಮಲೆಯವರೇ ಮಲೆಯವರನ್ನು ಗೆದ್ದ ಹೆಮ್ಮೆ ಅದು. ಹಳಗನ್ನಡದಲ್ಲಿ ‘ಮಲೆ’ ಎಂಬ ಕ್ರಿಯಾಪದಕ್ಕೆ ಸೊಕ್ಕು, ಎದುರಿಸು ಎಂಬ ಅರ್ಥವಿದೆ. ಎರಡಕ್ಕೂ ನಂಟು ಇರಲಿ ಬಿಡಲಿ, ಬಿರುದು ಕೇಳಿದವರ ಕಿವಿಗೆ ಎರಡೂ ತಾಕಿರಬಹುದು.

ಮಳೆಯ ಮಲೆ

ಸಹ್ಯಾದ್ರಿಯ ನೆತ್ತಿಯಿಂದ ಪೂರ್ವದ ಇಳಿಜಾರಿನವರೆಗಿನ ನಾಡು ಮಲೆನಾಡು. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಹಾಸನದ ಪಶ್ಚಿಮ ಭಾಗ, ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳು ಇದರಲ್ಲಿ ಸೇರುತ್ತವೆ. ಪೂರ್ವಕ್ಕೆ ಮಳೆ ಇಳಿಯುತ್ತ ಹೋದಂತೆ ಅರೆಮಲೆನಾಡು, ಆಮೇಲೆ ಬಯಲುಸೀಮೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ.

ಮಲೆನಾಡು ಎಂಬ ಹೆಸರಿನಲ್ಲಿ ಬಯಲಿನಿಂದ ನೋಡಿದವರ ಕಣ್ಣಿದೆ. ಕರಾವಳಿಯವರಿಗೆ ಇದೇ ಪ್ರದೇಶ ‘ಘಟ್ಟದ ಮೇಲೆ’. ಒಳಗಿದ್ದು ಬಾಳುವವರು ನೆಲವನ್ನು ಇನ್ನೂ ಸಣ್ಣಸಣ್ಣದಾಗಿ ಹೆಸರಿಸುತ್ತಾರೆ: ದಟ್ಟ ನಿತ್ಯಹಸುರು ಕಾಡು ಕಾನು, ಹುಲ್ಲು ಬೆಳೆಯುವ ಜಾಗ ಬ್ಯಾಣ, ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು ಸೊಪ್ಪಿನಬೆಟ್ಟ. ಸೊಪ್ಪಿನಬೆಟ್ಟ ಎಂಬುದು ಸಮತಟ್ಟಾಗಿದ್ದರೂ ಬೆಟ್ಟವೇ! ಎತ್ತರಕ್ಕಿಂತ ಮರಗಿಡವೇ ಹೆಸರು ಕೊಡುತ್ತದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಓದುಗರ ಮನಸ್ಸಿನಲ್ಲಿ ಮಲೆಗೆ ಜಡಿಮಳೆ, ಕಂಬಳಿಕೊಪ್ಪೆ, ಒಂಟಿಮನೆಗಳನ್ನು ಅಂಟಿಸಿದವರಲ್ಲಿ ಕುವೆಂಪು ದೊಡ್ಡವರು. ‘ಮಲೆನಾಡಿನ ಚಿತ್ರಗಳು’ 1933ರಲ್ಲಿ, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದವು. ಇಂದಿನ ಹೋಂಸ್ಟೇ ಜಾಹೀರಾತುಗಳು ಆ ಬರಹಗಳ ಮಂಜನ್ನಷ್ಟೇ ಎತ್ತಿಕೊಂಡು, ಜಿಗಣೆ, ಜ್ವರ, ಜೀತವನ್ನು ಅಲ್ಲೇ ಬಿಟ್ಟಿವೆ.

ಒಣ ಮಲೆ

ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರನ ಸೀಮೆಗೆ ಬಂದರೆ ಇದೇ ಪದ ಬೇರೆಯೇ ಚಿತ್ರ ಕೊಡುತ್ತದೆ. ಇಲ್ಲಿ ಸಹ್ಯಾದ್ರಿಯ ಜಡಿಮಳೆಯಿಲ್ಲ. ಬಿದಿರು, ಎಲೆ ಉದುರಿಸುವ ಮರ, ಆನೆ, ಜೇನು. ಕಂಸಾಳೆ ಹಿಡಿದ ದೇವರಗುಡ್ಡರು (ಇಲ್ಲಿ ಗುಡ್ಡ ಎಂದರೆ ಶಿಷ್ಯ) ಹಾಡುವ ಕಾವ್ಯದಲ್ಲಿ ಮಾದಪ್ಪ, ಅಂದರೆ ಮಹದೇಶ್ವರ, ಎಪ್ಪತ್ತೇಳು ಮಲೆಯ ಒಡೆಯ. ಆನೆಮಲೆ, ಜೇನುಮಲೆ ಎಂದು ಒಂದೊಂದಕ್ಕೂ ಅಲ್ಲಿ ಸಿಗುವುದರ ಹೆಸರು. ಅದೇ ಕಾವ್ಯದಲ್ಲಿ ಬರುವ ಸಂಕಮ್ಮನ ಗಂಡ ನೀಲಯ್ಯ ಜೇನಿಗೆ ಹೋಗುವ ಸೋಲಿಗ. ಭಕ್ತರು ‘ಮಲೆ ಮಹದೇಶ್ವರ ಬೆಟ್ಟ’ ಎಂದು ಮಲೆಯ ಮೇಲೆ ಬೆಟ್ಟವನ್ನೂ ಹೇರುತ್ತಾರೆ. ಮಲೆ ದೇವರ ಹೆಸರಾಗಿಬಿಟ್ಟಿರುವುದರಿಂದ ಜಾಗಕ್ಕೆ ಇನ್ನೊಂದು ಪದ ಬೇಕಾಯಿತು.

ಸರ್ಕಾರದ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ: ಶಿವಮೊಗ್ಗದಲ್ಲಿ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಗೆ ಚಾಮರಾಜನಗರವೂ ಸೇರಿದೆ, ಕರಾವಳಿಯ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳೂ ಸೇರಿವೆ.